ಮನೆಯೇ ಮೊದಲ ಪಾಠಶಾಲೆ: ಮಕ್ಕಳೊಡನೆ ಮಿಷನರಿಗಳ ಜೀವನಾಧ್ಯಯನ
(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮಾವೇಶದಲ್ಲಿ ಮಾಡಿದ ಉಪನ್ಯಾಸ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ, ಇಲ್ಲಿ ವಿಶ್ವಾಸದ ಬೀಜ ಬಿತ್ತಿದವರನ್ನು ನಾವೆಲ್ಲರೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಆದರೆ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಮಾತ್ರಕ್ಕೆ ನಮ್ಮ ಋಣ ತೀರುವುದೇ? ಆ ಮಿಷನರಿಗಳು ಹೇಗೆ ಬಾಳಿದರೆಂದು ಮಕ್ಕಳು ಕೇಳಿದರೆ ಉತ್ತರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕಂಡಿತು. ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂದು 1965ರಲ್ಲಿ ಸಾರಿತು. ಆದುದರಿಂದ ಭಾನುವಾರದ ಧರ್ಮೋಪದೇಶದ ತರಗತಿಗೆ ಮಕ್ಕಳನ್ನು ಕಳುಹಿಸಿ ನಿಶ್ಚಿಂತರಾಗುವುದು ನಮಗೆ ತರವಲ್ಲ. ಇದನ್ನರಿತು ನಾವು ನಮ್ಮ ಮನೆಯಲ್ಲಿ ವಾರಕ್ಕೊಂದು ಸಂಜೆ, ಜಪಸರದ ತರುವಾಯ, ಒಬ್ಬೊಬ್ಬ ಮಿಷನರಿಯ ಚರಿತ್ರೆಯನ್ನು ಮಕ್ಕಳೊಡನೆ ಓದತೊಡಗಿದೆವು.

ಮೊದಲು ಓದಿದ್ದು ಸಂತ ಜೋಸೆಫ್ ವಾಜರ ಚರಿತ್ರೆಯನ್ನು. ಭೂಪಟವನ್ನು ನೆಲದ ಮೇಲೆ ಹರಡಿ, 1651ರಲ್ಲಿ ಅವರು ಜನಿಸಿದ ಗೋವೆಯಿಂದ ಬೆರಳಿಟ್ಟು ಹೊರಟೆವು. 1681ರಿಂದ 1684ರವರೆಗೆ ಅವರು ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದರು. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ಬಡಕೂಲಿಯ ವೇಷದಲ್ಲಿ ಪ್ರವೇಶಿಸಿದರು. ಕ್ಯಾಂಡಿಯಲ್ಲಿ ಗೂಢಚಾರರೆಂಬ ಶಂಕೆಯ ಮೇಲೆ ಸೆರೆಮನೆ ಕಂಡರು. 1697ರಲ್ಲಿ ಸಿಡುಬು ಹರಡಿದಾಗ ಜಾತಿಮತ ನೋಡದೆ ರೋಗಿಗಳ ಶುಶ್ರೂಷೆ ಮಾಡಿದರು. 1711ರಲ್ಲಿ ಅಲ್ಲಿಯೇ ಮಡಿದ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರು ಕೋಲೂರಿದೆಡೆ ಮೂರು ಒರತೆಗಳು ಚಿಮ್ಮಿದುವೆಂಬ ನಂಬಿಕೆಯನ್ನೂ ಮಕ್ಕಳಿಗೆ ತಿಳಿಸಿದೆವು. ಆದರೆ ಇದು ಭಕ್ತರ ಪರಂಪರೆ, ಅದು ದಾಖಲಾದ ಇತಿಹಾಸ ಎಂಬ ಭೇದವನ್ನು ಬಿಡಿಸಿ ಹೇಳಿದೆವು. ಹೀಗೆ ಹೇಳಿದುದರಿಂದ ಅವರ ಭಕ್ತಿ ಕುಂದಲಿಲ್ಲ.

ನಿಜವಾದ ಪರೀಕ್ಷೆ ಬಂದುದು ಅಬ್ಬೆ ದ್ಯುಬುವಾ ಅವರ ಚರಿತ್ರೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಚೆದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದ ಫ್ರೆಂಚ್ ಗುರುಗಳವರು. ನಮ್ಮವರಂತೆಯೇ ಉಟ್ಟು, ಸಸ್ಯಾಹಾರವನ್ನೇ ಉಂಡು, ಜನರಿಗೆ ಸಿಡುಬಿನ ದಾಕು ಹಾಕಿಸಲು ಶ್ರಮಿಸಿ, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. ಆದರೆ ಮೂವತ್ತೊಂದು ವರ್ಷ ಭಾರತದಲ್ಲಿದ್ದು 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಈ ನಾಡಿನಲ್ಲಿ ಸುವಾರ್ತೆಯು ಬೇರೂರುವ ಆಸೆಯಿಲ್ಲವೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಬರೆದರು. ಇದನ್ನು ಓದಿದಾಗ ಮಗ ಕೇಳಿದ: “ಹಾಗಾದರೆ ಅವರು ಸೋತುಹೋದರೇ ಅಪ್ಪಾ?”

ಆ ಕ್ಷಣ ನಮಗೆ ಉತ್ತರ ಹೊಳೆಯಲಿಲ್ಲ. ಆ ಪುಟವನ್ನು ಓದದೆ ಬಿಟ್ಟಿದ್ದರೆ ಚೆನ್ನಾಗಿತ್ತೇನೋ ಎಂದು ಅನಿಸಿದುದೂ ಉಂಟು. ಮರುವಾರ ಹೀಗೆಂದೆವು: “ತಾನು ಸೋತೆನೆಂದು ಅವರಿಗೆ ಅನಿಸಿರಬಹುದು, ಮಗು. ಬಿತ್ತಿದವನೇ ಕೊಯ್ಯಬೇಕೆಂಬ ನಿಯಮವಿಲ್ಲ. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯಲಾಗುವ ದೇವಾಲಯವಿದೆ. ಅಲ್ಲಿ ಪೂಜೆ ನಿಂತಿಲ್ಲ.” ಅವರು ನಮ್ಮ ನಾಡಿನ ಆಚಾರಗಳ ಕುರಿತು ಬರೆದುದರಲ್ಲಿ ಕಟುವಾದ, ಏಕಪಕ್ಷೀಯವಾದ ಮಾತುಗಳೂ ಇವೆಯೆಂಬುದನ್ನು ಬಚ್ಚಿಡಲಿಲ್ಲ. ಇತರ ಧರ್ಮದ ಬಂಧುಗಳ ನಡುವೆ ಬಾಳುವ ನಮ್ಮ ಮಕ್ಕಳು ಅದನ್ನೂ ತಿಳಿಯಬೇಕು.

ದೋಷವಿಲ್ಲದ ವೀರರ ಕಥೆಯನ್ನಷ್ಟೇ ಕೇಳಿ ಬೆಳೆದ ಮಗು, ಮುಂದೆ ತನ್ನ ಬಾಳಿನಲ್ಲಿ ಸೋಲು ಬಂದಾಗ ದೇವರೇ ಕೈಬಿಟ್ಟರೆಂದು ಕುಸಿಯುತ್ತದೆ. ದಣಿದ, ಅನುಮಾನಿಸಿದ, ಆದರೂ ರೋಗಿಯ ಹಾಸಿಗೆಯನ್ನು ಬಿಟ್ಟು ಹೋಗದ ಮನುಷ್ಯರನ್ನು ಅರಿತ ಮಗು ಎದ್ದು ನಿಲ್ಲುತ್ತದೆ. ಆದುದರಿಂದ ಚರಿತ್ರೆಯನ್ನು ಸತ್ಯವಾಗಿಯೇ ಹೇಳೋಣ.

“ಮಿಷನರಿಯಾಗಲು ದೂರ ಹೋಗಲೇಬೇಕೇ?” ಎಂದು ಮಗಳು ಕೇಳಿದಳು. ಲಿಸ್ಯೂವಿನ ಸಂತ ತೆರೇಸಮ್ಮನವರು ಕಾರ್ಮೆಲ್ ಮಠದಿಂದ ಹೊರಬರದೆ, ಇಬ್ಬರು ಮಿಷನರಿಗಳಿಗಾಗಿ ಪ್ರಾರ್ಥಿಸುತ್ತ, ಪತ್ರ ಬರೆಯುತ್ತ 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನೇ 1927ರಲ್ಲಿ ಪವಿತ್ರ ಸಭೆಯು ಸಂತ ಫ್ರಾನ್ಸಿಸ್ ಕ್ಷೇವಿಯರರೊಡನೆ ಮಿಷನ್‌ಗಳ ಪಾಲಕಿಯೆಂದು ಸಾರಿತು. 2015ರಲ್ಲಿ ಅವರ ತಂದೆತಾಯಿಯರಾದ ಲೂಯಿ ಮತ್ತು ಜೆಲಿ ಮಾರ್ಟಿನರೂ ಸಂತರೆನಿಸಿದರು. ಆ ಮಿಷನರಿಯ ಮೊದಲ ಪಾಠಶಾಲೆಯೂ ಮನೆಯೇ ಆಗಿತ್ತು.

ಪ್ರಿಯರೇ, ವಾರಕ್ಕೊಂದು ಸಂಜೆ, ಒಂದು ಭೂಪಟ, ಒಂದು ಪುಸ್ತಕ, ಇಷ್ಟು ಸಾಕು. ಮನೆಯ ಹಿರಿಯರು ಈ ಊರಿನ ಹಳೆಯ ಗುರುಗಳ ಕುರಿತು ಬಲ್ಲುದನ್ನು ಮಕ್ಕಳಿಂದಲೇ ಬರೆಸಿಡೋಣ. ಎರಡನೆಯ ಶತಮಾನಕ್ಕೆ ನಾವು ಕೊಡಬಹುದಾದ ಕಾಣಿಕೆ ಅದು. ನಮ್ಮ ಪ್ರತಿಯೊಂದು ಗೃಹಸಭೆಯನ್ನೂ ಪ್ರಭುವು ಆಶೀರ್ವದಿಸಲಿ.