ಕಾಲೇಜಿನ ಯೋಜನೆ ಮತ್ತು ನಾಯಕತ್ವ: ಅಲೀಗಢದಿಂದ ಕಲಿಯಬೇಕಾದದ್ದು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಲೇಜುಗಳ ಯೋಜನೆ ಮತ್ತು ನಾಯಕತ್ವದ ಬಗ್ಗೆ ಮಾತನಾಡಲು ಹೇಳಿದ್ದೀರಿ. 1994ರಲ್ಲಿ ಬೆಂಗಳೂರಿನಲ್ಲಿ ನ್ಯಾಕ್ ಸ್ಥಾಪನೆಯಾಗಿ, ಅದರ ಮಾನದಂಡಗಳಲ್ಲಿ ಆಡಳಿತ ಮತ್ತು ನಾಯಕತ್ವವೂ ಸೇರಿದ ಮೇಲೆ ಕಾಲೇಜುಗಳಲ್ಲಿ 'ದೂರದೃಷ್ಟಿ ಯೋಜನೆ' ಎಂಬ ಕಡತ ಹುಟ್ಟಿಕೊಂಡಿತು. ನಾನು ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ತಜ್ಞರ ತಂಡ ಬರುವ ಹಿಂದಿನ ವಾರ ಇಬ್ಬರು ಅಧ್ಯಾಪಕರು ರಾತ್ರಿಯಿಡೀ ಕುಳಿತು ಆ ಕಡತ ತಯಾರಿಸಿದರು. ಅವರಲ್ಲಿ ನಾನೂ ಒಬ್ಬ. ತಂಡ ಹೋದ ಮೇಲೆ ಅದು ಬೀರು ಸೇರಿತು. ಆಡಳಿತ ಮಂಡಳಿಯ ಒಬ್ಬರೂ ಅದನ್ನು ಓದಿದ್ದು ನಾನು ಕಂಡಿಲ್ಲ.

ನಿಜವಾದ ಯೋಜನೆ ಹೇಗಿರುತ್ತದೆ ಎಂಬುದಕ್ಕೆ ನಮಗೆಲ್ಲ ಹೆಸರು ಗೊತ್ತಿರುವ ಒಂದು ಸಂಸ್ಥೆಯ ಕಥೆ ಹೇಳುತ್ತೇನೆ. ಸರ್ ಸಯ್ಯದ್ ಅಹ್ಮದ್ ಖಾನ್ 1869ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ವಿದ್ಯಾಸಂಸ್ಥೆಗಳನ್ನು ನೋಡಿ ಬಂದರು. 1873ರಲ್ಲಿ ಅವರ ಮಗ ಸಯ್ಯದ್ ಮಹಮೂದ್ ಒಂದು ಸ್ವತಂತ್ರ ವಿಶ್ವವಿದ್ಯಾನಿಲಯದ ಯೋಜನೆಯನ್ನೇ ಮುಂದಿಟ್ಟರು. ಕೈಯಲ್ಲಿದ್ದ ಹಣಕ್ಕೆ ಅದು ಸಾಧ್ಯವಿರಲಿಲ್ಲ. ಆದ್ದರಿಂದ 1875ರಲ್ಲಿ ಅಲೀಗಢದಲ್ಲಿ ಶುರುವಾದದ್ದು ಒಂದು ಶಾಲೆ. 1877ರ ಜನವರಿಯಲ್ಲಿ ಕಾಲೇಜಿಗೆ ಅಡಿಗಲ್ಲು ಬಿತ್ತು. ವಿಶ್ವವಿದ್ಯಾನಿಲಯವಾದದ್ದು 1920ರಲ್ಲಿ. ಕನಸು ಕಂಡ ತಂದೆ ಮಗ ಇಬ್ಬರೂ ಆಗ ಇರಲಿಲ್ಲ. ನಮ್ಮವರಾದರೋ ಮೊದಲ ವರ್ಷವೇ ಬೋರ್ಡಿನ ಮೇಲೆ ದೊಡ್ಡ ಹೆಸರು ಬರೆಸುತ್ತೇವೆ!

ಅಧ್ಯಾಪಕರ ಆಯ್ಕೆಯಲ್ಲಿ ಸರ್ ಸಯ್ಯದ್ ರಾಜಿ ಮಾಡಿಕೊಳ್ಳಲಿಲ್ಲ. ಥಾಮಸ್ ಅರ್ನಾಲ್ಡ್, ಶಿಬ್ಲಿ ನೋಮಾನಿ ಅವರಂಥವರು ಅಲ್ಲಿ ವರ್ಷಗಟ್ಟಲೆ ಪಾಠ ಮಾಡಿದರು. ಇಷ್ಟನ್ನು ಎಲ್ಲ ಭಾಷಣಗಳಲ್ಲೂ ಕೇಳಿದ್ದೀರಿ. ಹೇಳದೆ ಬಿಡುವ ಭಾಗವೊಂದಿದೆ. ಸರ್ ಸಯ್ಯದರ ಬಗ್ಗೆ ನನಗಿರುವ ಗೌರವ ಕಡಿಮೆಯೇನಲ್ಲ. ಆದರೂ ಇವತ್ತು ಅದನ್ನೇ ಹೇಳಬೇಕು.

1889ರಲ್ಲಿ ಟ್ರಸ್ಟಿಗಳ ನಿಯಮಾವಳಿ ರೂಪಿಸುವಾಗ ಅವರು ತಮ್ಮ ನಂತರದ ಕಾರ್ಯದರ್ಶಿಯಾಗಿ ಮಗನನ್ನೇ ನಿಲ್ಲಿಸಿದರು. ಮಗನಿಗೆ ಯೋಗ್ಯತೆ ಇರಲಿಲ್ಲವೆಂದಲ್ಲ, ಅವರು ಆಗ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರು. ಆದರೆ ಮೊದಲ ದಿನದಿಂದ ಜೊತೆಗಿದ್ದ ಮೌಲವಿ ಸಮೀಉಲ್ಲಾ ಖಾನ್ ಇದನ್ನು ವಿರೋಧಿಸಿ ದೂರವಾದರು. 1895ರಲ್ಲಿ ಇನ್ನೊಂದು ಆಘಾತ. ಕಚೇರಿಯ ಗುಮಾಸ್ತರೊಬ್ಬರು ಕಾಲೇಜಿನ ಒಂದು ಲಕ್ಷಕ್ಕೂ ಹೆಚ್ಚು ರೂಪಾಯಿ ಲಪಟಾಯಿಸಿದ್ದು ಬಯಲಾಯಿತು. ಆ ಕಾಲದ ಒಂದು ಲಕ್ಷ! ಎಲ್ಲವೂ ಒಬ್ಬರ ಮೇಲಿನ ನಂಬಿಕೆಯಿಂದ ನಡೆಯುತ್ತಿದ್ದ ಕಡೆ ಲೆಕ್ಕ ನೋಡುವವರು ಇರಲಿಲ್ಲ. 1898ರಲ್ಲಿ ಸರ್ ಸಯ್ಯದ್ ತೀರಿಕೊಂಡಾಗ ಕಾಲೇಜು ಸಾಲದಲ್ಲಿತ್ತು.

ಸಂಸ್ಥೆ ಉಳಿದದ್ದು ಹೇಗೆ? ಒಂದು ವರ್ಷದೊಳಗೆ ಟ್ರಸ್ಟಿಗಳು ಕಾರ್ಯದರ್ಶಿಯನ್ನು ಬದಲಿಸಿದರು. ಸ್ಥಾಪಕರ ಮಗನನ್ನು ಇಳಿಸುವುದು ಸುಲಭದ ಮಾತಲ್ಲ. 1899ರಲ್ಲಿ ಬಂದ ಮೊಹ್ಸಿನುಲ್ ಮುಲ್ಕ್ ಊರೂರು ಸುತ್ತಿ ಹಣ ಕೂಡಿಸಿದರು, 1907ರಲ್ಲಿ ಅವರ ನಂತರ ವಕಾರುಲ್ ಮುಲ್ಕ್ ಬಂದರು. ಇವರಿಬ್ಬರೂ ಸರ್ ಸಯ್ಯದರ ಬಂಧುಗಳಲ್ಲ, ಜೊತೆಗೆ ದುಡಿದವರು. ಮೂಲ ಯೋಜನೆಯಲ್ಲಿ ಇರದಿದ್ದ ಹೆಣ್ಣುಮಕ್ಕಳ ಶಾಲೆಯೂ ಅಲೀಗಢದಲ್ಲಿ 1906ರಲ್ಲಿ ಶೇಖ್ ಅಬ್ದುಲ್ಲಾ ದಂಪತಿಗಳಿಂದ ಆರಂಭವಾಯಿತು. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಸೋದರಿಯರು ಈ ಮಾತನ್ನು ಗಮನಿಸಬೇಕು.

ಈಗ ನಮ್ಮ ವಿಷಯ. ಪ್ರಾಂಶುಪಾಲರ ನಿವೃತ್ತಿಯ ದಿನಾಂಕ ಅವರು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುತ್ತದೆ. ಆದರೂ ಆ ದಿನ ಬಂದಾಗ ನಾವು ಹಿರಿಯರೊಬ್ಬರನ್ನು 'ಪ್ರಭಾರ' ಎಂದು ಕೂರಿಸುತ್ತೇವೆ, ಪ್ರಭಾರದಲ್ಲೇ ಮೂರ್ನಾಲ್ಕು ವರ್ಷ ಕಳೆಯುತ್ತದೆ. ಕಾರ್ಯದರ್ಶಿಗಳ ಅವಧಿ ಎಷ್ಟೆಂದು ಬೈಲಾದಲ್ಲಿ ಬರೆದಿರುತ್ತದೆ, ಬೈಲಾ ಎಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. (ನೀವು ನಗುತ್ತಿದ್ದೀರಿ, ಅಂದರೆ ನಿಮಗೂ ಗೊತ್ತು.)

ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಭೆಗೆ ಬೈಲಾ ಮತ್ತು ಲೆಕ್ಕಪರಿಶೋಧಕರ ವರದಿ ಎರಡನ್ನೂ ತನ್ನಿ. ಐದು ವರ್ಷದಲ್ಲಿ ನಿವೃತ್ತರಾಗುವವರ ಪಟ್ಟಿ ಮಾಡಿ, ಪ್ರತಿ ಹೆಸರಿನ ಮುಂದೆ ಈಗಿನಿಂದಲೇ ತಯಾರಾಗಬೇಕಾದವರ ಹೆಸರು ಬರೆಯಿರಿ. ಆ ಹೆಸರು ಮಗನದ್ದೋ ಅಳಿಯನದ್ದೋ ಆಗಿದ್ದರೆ, ಪಕ್ಕದಲ್ಲಿ ಇನ್ನೊಂದು ಹೆಸರನ್ನೂ ಬರೆದು ಸಭೆಯ ಮುಂದಿಡಿ.