ಕೂಲಿ ಏರಿದರೆ ಕೆಲಸ ಹೋಗುತ್ತದೆಯೆ?
(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆ ಕೀಳುವ ಹೊತ್ತು ಬಂತೆಂದರೆ ನಮ್ಮೆಲ್ಲರ ಬಾಯಲ್ಲಿ ಬರುವ ಮಾತು ಒಂದೇ: "ಕೂಲಿ ಹೀಗೇ ಏರ್ತಾ ಹೋದ್ರೆ ಆಳು ಕರೆಯೋದೇ ಬಿಡಬೇಕಾಗುತ್ತೆ." ಅರ್ಥಶಾಸ್ತ್ರದ ಪಂಡಿತರೂ ಬಹಳ ವರ್ಷ ಇದನ್ನೇ ಸೂತ್ರದಂತೆ ಹೇಳಿಕೊಂಡು ಬಂದರು. ಸರ್ಕಾರ ಕನಿಷ್ಠ ಕೂಲಿ ಏರಿಸಿದರೆ ಬಡವನ ಕೆಲಸವೇ ಹೋಗುತ್ತದೆ, ನಿರುದ್ಯೋಗ ಹೆಚ್ಚುತ್ತದೆ ಅಂತ. ಈ ಸೂತ್ರ ನಿಜವೋ ಸುಳ್ಳೋ ಎಂದು ಬೀದಿಗಿಳಿದು ಲೆಕ್ಕ ಹಾಕಿದವರಲ್ಲಿ ಒಬ್ಬರು ರೈತನ ಮಗ. ಅವರ ವಿಚಾರ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಅವರ ಹೆಸರು ಡೇವಿಡ್ ಕಾರ್ಡ್. 1956ರಲ್ಲಿ ಕೆನಡಾ ದೇಶದ ಗ್ವೆಲ್ಫ್‌ನಲ್ಲಿ ಹುಟ್ಟಿದರು. ಹಸು ಕಟ್ಟಿ ಹಾಲು ಮಾರುವ ಮನೆತನ. 1978ರಲ್ಲಿ ಅಲ್ಲಿಯ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪದವಿ, 1983ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್. ಅಲ್ಲೇ ಮೇಷ್ಟರಾಗಿ, 1997ರಲ್ಲಿ ಬರ್ಕ್ಲಿಗೆ ಹೋದರು. ಕೂಲಿ, ನಿರುದ್ಯೋಗ, ವಲಸೆ, ಇವೇ ಅವರ ಜೀವಮಾನದ ವಿಷಯ.

ಅವರು ಮಾಡಿದ್ದೇನು? ಹೊಸ ಗೊಬ್ಬರ ಫಲ ಕೊಟ್ಟಿತೋ ಇಲ್ಲವೋ ಅಂತ ನೀವು ಹೇಗೆ ತಿಳಿಯುತ್ತೀರಿ? ಬೆಳೆ ಚೆನ್ನಾಗಿ ಬಂದಿದ್ದು ಮಳೆಯಿಂದಲೂ ಇರಬಹುದು. ಅದಕ್ಕೇ ಒಂದೇ ಮಣ್ಣು, ಒಂದೇ ಮಳೆ ಇರುವ ಎರಡು ತುಂಡು ಹೊಲ ತೆಗೆದುಕೊಂಡು ಒಂದಕ್ಕೆ ಹಾಕುತ್ತೀರಿ, ಒಂದಕ್ಕೆ ಬಿಡುತ್ತೀರಿ. ಕಾರ್ಡ್ ಮತ್ತು ಅವರ ಜೊತೆಗಾರ ಅಲನ್ ಕ್ರೂಗರ್ ಇದನ್ನೇ ಎರಡು ರಾಜ್ಯಗಳ ಮೇಲೆ ಮಾಡಿದರು.

1992ರ ಏಪ್ರಿಲ್ 1ರಂದು ನ್ಯೂಜರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4 ಡಾಲರ್ 25 ಸೆಂಟಿನಿಂದ 5 ಡಾಲರ್ 5 ಸೆಂಟಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಗಡಿಯ ಆಚೆ ಈಚೆ 410 ತಿಂಡಿ ಅಂಗಡಿಗಳನ್ನು, ಕೂಲಿ ಏರುವ ಮೊದಲು ಒಮ್ಮೆ, ಏರಿದ ಎಂಟು ತಿಂಗಳ ಮೇಲೆ ಇನ್ನೊಮ್ಮೆ, ವಿಚಾರಿಸಿದರು. ಬಾಗಿಲು ಹಾಕಿದ ಅಂಗಡಿಗಳನ್ನೂ ಲೆಕ್ಕದಿಂದ ಬಿಡಲಿಲ್ಲ. ಫಲಿತಾಂಶ 1994ರಲ್ಲಿ ಅಚ್ಚಾಯಿತು: ನ್ಯೂಜರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಸಿಗಲಿಲ್ಲ.

ಇದಕ್ಕೂ ಮೊದಲು 1990ರಲ್ಲಿ ಕಾರ್ಡ್ ಇನ್ನೊಂದು ಲೆಕ್ಕ ಕೊಟ್ಟಿದ್ದರು. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಮಯಾಮಿ ಪಟ್ಟಣದ ದುಡಿಯುವ ಕೈಗಳು ಒಂದೇ ಸಲ ನೂರಕ್ಕೆ ಏಳರಷ್ಟು ಹೆಚ್ಚಿದವು. ಬೇರೆ ಪಟ್ಟಣಗಳ ಜೊತೆ ಹೋಲಿಸಿ ನೋಡಿದರೆ ಸ್ಥಳೀಯರ ಕೂಲಿ ಕುಸಿದಿರಲಿಲ್ಲ, ನಿರುದ್ಯೋಗವೂ ಅದರಿಂದ ಏರಿರಲಿಲ್ಲ.

ಪಂಡಿತರು ಸುಮ್ಮನಿದ್ದರೆ? ಇಲ್ಲ. ಎರಡೂ ಲೆಕ್ಕಗಳ ಮೇಲೆ ಬೇರೆಯವರು ತಿರುಗಿ ಲೆಕ್ಕ ಹಾಕಿ, ತಪ್ಪು ಅಂದರು. ಕಾರ್ಡ್ ಮತ್ತು ಕ್ರೂಗರ್ 2000ದಲ್ಲಿ ಸರ್ಕಾರಿ ದಾಖಲೆ ಹಿಡಿದು ಉತ್ತರ ಕೊಟ್ಟರು. ಈ ಕೆಲಸದಿಂದ ಸ್ನೇಹಿತರನ್ನು ಕಳೆದುಕೊಂಡೆ ಅಂತ ಕಾರ್ಡ್ ಅವರೇ ಮುಂದೆ ಹೇಳಿಕೊಂಡರು. 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಪಾಲು ಅವರಿಗೆ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಈಗ ನಮ್ಮ ಮಾತಿಗೆ ಬನ್ನಿ. "ಹಾಗಾದರೆ ಕೂಲಿ ಎಷ್ಟು ಬೇಕಾದರೂ ಏರಿಸಬಹುದೊ?" ಅಂತ ನೀವು ಕೇಳುತ್ತೀರಿ. ಕಾರ್ಡ್ ಹಾಗೆ ಹೇಳಿಲ್ಲ. ಅವರು ನೋಡಿದ್ದು 80 ಸೆಂಟಿನ ಏರಿಕೆ, ತಿಂಡಿ ಅಂಗಡಿಗಳ ಏರಿಕೆ. ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ಅದು ನಮಗೆ ಮುಖ್ಯ. ಕೂಲಿ ಏರಿದ ಮೇಲೆ ನ್ಯೂಜರ್ಸಿಯ ಅಂಗಡಿಗಳಲ್ಲಿ ಊಟದ ಬೆಲೆ ಪಕ್ಕದ ರಾಜ್ಯಕ್ಕಿಂತ ಏರಿತು. ಅಂಗಡಿಯವನು ತಿಂಡಿಯ ರೇಟನ್ನು ತಾನೇ ಬರೆದು ಗೋಡೆಗೆ ಹಾಕುತ್ತಾನೆ. ನಾವು ನಮ್ಮ ಮೂಟೆಯ ಮೇಲೆ ಬೆಲೆ ಬರೆದು ಮಂಡಿಗೆ ಒಯ್ಯುತ್ತೇವೆಯೆ? ಆದ್ದರಿಂದ ಆ ಅಂಗಡಿಯ ಲೆಕ್ಕ ನೇರವಾಗಿ ನಮ್ಮ ಹೊಲಕ್ಕೆ ಹೊಂದುವುದಿಲ್ಲ.

ಹಾಗಂತ ನಾವೂ ಪೂರ್ತಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೆಲಸ ಯಾಕೆ ಕಡಿಮೆಯಾಗಲಿಲ್ಲ? ಒಂದು ಉತ್ತರ ಇದು: ಕೆಲಸ ಕೊಡುವವರು ಕೆಲವೇ ಜನ ಇದ್ದಾಗ, ಬೇರೆ ಕಡೆ ಹೋಗಲು ಆಗದ ಆಳಿಗೆ ಅವನ ಬೆಲೆಗಿಂತ ಕಡಿಮೆ ಕೊಟ್ಟು ನಡೆಸಬಹುದು. ಅಂಥ ಕಡೆ ಕೂಲಿ ಸ್ವಲ್ಪ ಏರಿದರೆ ಕೆಲಸ ಹೋಗುವುದಿಲ್ಲ, ಕೊಡುವವನ ಲಾಭ ಇಳಿಯುತ್ತದೆ. ಇದು ನಮಗೆ ತಿಳಿಯದ ಸಂಗತಿಯೆ? ಕೊಳ್ಳುವವನು ಒಬ್ಬನೇ ಇದ್ದು, ಟೊಮೆಟೊ ಬುಟ್ಟಿ ಬಾಡುತ್ತಾ ಇದ್ದರೆ ನಮ್ಮ ಗತಿ ಏನು ಅಂತ ನಿಮಗೇ ಗೊತ್ತು. ಮಂಡಿಯಲ್ಲಿ ನಾವು ಯಾವ ಜಾಗದಲ್ಲಿ ನಿಲ್ಲುತ್ತೇವೋ, ನಮ್ಮ ಜಗಲಿಯ ಮುಂದೆ ಕೂಲಿಯವಳು ಅದೇ ಜಾಗದಲ್ಲಿ ನಿಂತಿರುತ್ತಾಳೆ.

ಅದಕ್ಕೇ ಒಂದು ಕೆಲಸ ಮಾಡಿ. ಈ ಸಲ ಬಿತ್ತನೆಯಿಂದ ಮಾರಾಟದವರೆಗೆ ಒಂದು ಪುಸ್ತಕದಲ್ಲಿ ಬರೆದಿಡಿ: ಬೀಜ, ಗೊಬ್ಬರ, ಬಡ್ಡಿ, ಲಾರಿ ಬಾಡಿಗೆ, ಆಳಿನ ಕೂಲಿ, ಮಂಡಿಯಲ್ಲಿ ಸಿಕ್ಕ ದರ. ಹೋದ ವರ್ಷದ ಪಕ್ಕದಲ್ಲಿಟ್ಟು ನೋಡಿ. ನಮ್ಮ ಗಂಟು ತಿಂದದ್ದು ಕೂಲಿಯೋ, ಬಡ್ಡಿಯೋ, ದರವೋ, ಆ ಪುಸ್ತಕವೇ ಹೇಳುತ್ತದೆ. ಊಹೆಯ ಮೇಲೆ ಬಡವರನ್ನು ಬೈಯುವುದು ಬೇಡ. ಲೆಕ್ಕ ಕೈಯಲ್ಲಿ ಹಿಡಿದು ಮಾತಾಡೋಣ.