ಡಬ್ಬದ ಮೇಲಿನ ಹಳದಿ ಬಣ್ಣ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಮಗುವಿನ ಜ್ವರಕ್ಕೆ ಕುಡಿಸುವುದೂ ಮದ್ದು, ತೋಟಕ್ಕೆ ಬಿಡುವುದೂ ಮದ್ದು. ಎರಡಕ್ಕೂ ಒಂದೇ ಮಾತಾದುದರಿಂದಲೇ ತೋಟದ ಮದ್ದಿನ ಮೇಲೆ ನಮಗಿರಬೇಕಾದ ಹೆದರಿಕೆ ಇಲ್ಲದೆ ಹೋಯಿತೋ ಏನೋ. ಆದುದರಿಂದ ಆ ಡಬ್ಬದ ಮೇಲೆ ಏನು ಬರೆದಿರುತ್ತದೆ, ಏನು ಬರೆದಿರುವುದಿಲ್ಲ ಎಂಬುದನ್ನು ಇಂದು ನೋಡೋಣ.

1971ರ ಕೀಟನಾಶಕ ನಿಯಮಗಳಂತೆ ಪ್ರತಿಯೊಂದು ಲೇಬಲಿನಲ್ಲೂ ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕವಿರಬೇಕು. ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ಗುರುತು. ಕೆಂಪು ಎಲ್ಲಕ್ಕಿಂತ ಘೋರ. ಅನಂತರ ಹಳದಿ, ನೀಲಿ, ಹಸಿರು. ತಲೆಬುರುಡೆಯ ಚಿತ್ರ ಕೆಂಪಿನಲ್ಲಿ ಮಾತ್ರ. ಹಳದಿಯಲ್ಲಿ 'ವಿಷ' ಎಂಬ ಮಾತಷ್ಟೇ ಇರುತ್ತದೆ. ಬುರುಡೆ ಇಲ್ಲ, ಭಯವಿಲ್ಲ ಎಂದು ತಿಳಿಯಬಾರದು.

ಈ ಬಣ್ಣವನ್ನು ಗೊತ್ತುಮಾಡುವುದು ಹೇಗೆ? ಪ್ರಯೋಗಶಾಲೆಯಲ್ಲಿ ಪ್ರಾಣಿಗಳಿಗೆ ಮದ್ದು ತಿನ್ನಿಸಿ, ಅವುಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಬೇಕೆಂದು ನೋಡುತ್ತಾರೆ. ದೇಹದ ತೂಕದ ಒಂದು ಕಿಲೋಗೆ 50 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಸಾಕಾದರೆ ಕೆಂಪು. 51ರಿಂದ 500ರ ವರೆಗೆ ಬೇಕಾದರೆ ಹಳದಿ. ಅಂದರೆ, ಒಮ್ಮೆಗೆ ನುಂಗಿದರೆ ಸಾವು ಎಷ್ಟು ಹತ್ತಿರ ಎಂಬುದನ್ನಷ್ಟೇ ಬಣ್ಣ ಹೇಳುತ್ತದೆ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ, ಗಾಳಿಯಲ್ಲಿ ಮೈಸೇರಿದರೆ ಏನಾದೀತು, ಗರ್ಭದ ಕೂಸಿಗೆ ಏನಾದೀತು ಎಂಬುದು ಆ ಬಣ್ಣದಲ್ಲಿ ಇಲ್ಲ.

ಎಂಡೋಸಲ್ಫಾನ್ ಇಂಥ ಹಳದಿ ಮದ್ದು. ಗೇರುಹೂವನ್ನು ಕೆಡಿಸುವ ಟೀ ಸೊಳ್ಳೆಗೆಂದು 1970ರ ದಶಕದ ಕೊನೆಯಿಂದ 2000ದ ವರೆಗೆ ನಮ್ಮ ಕಾಸರಗೋಡಿನ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಗುಡ್ಡೆಯ ಬುಡದಲ್ಲಿ ನಮ್ಮ ಮನೆಗಳು, ತೋಡುಗಳು, ಕುಡಿಯುವ ನೀರಿನ ಸುರಂಗಗಳು. ಲೇಬಲು ಇದ್ದುದು ಡಬ್ಬದ ಮೇಲೆ. ಮದ್ದು ಬಿದ್ದುದು ನಮ್ಮ ಮೇಲೆ. ಲೇಬಲು ಹೇಳದಿದ್ದುದನ್ನು ಮೊದಲು ಹೇಳಿದವರು ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಮತ್ತು ತಮ್ಮ ರೋಗಿಗಳನ್ನು ಗಮನವಿಟ್ಟು ನೋಡಿದ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ಅವರಂಥವರು. ಸಿಂಪರಣೆ ನಿಂತು ಸುಮಾರು ಹತ್ತು ತಿಂಗಳಾದ ಮೇಲೆ, 2001ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾಮಕ್ಕಳ ರಕ್ತವನ್ನು ಪರೀಕ್ಷಿಸಿದರು. ಆಗಲೂ ಅದರಲ್ಲಿ ಎಂಡೋಸಲ್ಫಾನ್ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು 2017ರಲ್ಲಿ ಅದೇ ಕೋರ್ಟು ಆಜ್ಞೆ ಮಾಡಿತು. 2022ರಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಗಿ ಬಂತು. ಮೂರು ತಿಂಗಳೆಂದರೆ ಎಷ್ಟು ಉದ್ದವೋ!

ಎಂಡೋಸಲ್ಫಾನ್ ಹೋಯಿತು, ಆದರೆ ಬೇರೆ ಮದ್ದುಗಳು ಬರುತ್ತಲೇ ಇವೆ. ಡಬ್ಬದೊಂದಿಗೆ ಒಂದು ಕರಪತ್ರವೂ ಬರಬೇಕು. ವಿಷ ತಗಲಿದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಎಲ್ಲವೂ ಅದರಲ್ಲಿರಬೇಕು; ಪ್ರಾದೇಶಿಕ ಭಾಷೆಯಲ್ಲೂ ಇರಬೇಕು. ಮದ್ದು ಕಲಸುವ ಮೊದಲು ಮೇಸ್ತ್ರಿಯವರಲ್ಲಿ ಅದನ್ನು ಕೇಳೋಣ. ಮಲಯಾಳದಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸೋಣ. ಯಾರಾದರೂ ತಲೆಸುತ್ತಿ ಬಿದ್ದರೆ ಬಟ್ಟೆ ಕಳಚಿ, ಸಾಬೂನು ನೀರಿನಲ್ಲಿ ಮೈ ತೊಳೆದು, ಲೇಬಲನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಬೇಕು. ಕೆಲವು ಮದ್ದುಗಳಿಗೆ ಅಟ್ರೊಪಿನ್ ಎಂಬ ಇಂಜೆಕ್ಷನ್ ಇದೆ. ಎಂಡೋಸಲ್ಫಾನಿನಂಥವಕ್ಕೆ ಪ್ರತಿವಿಷವೇ ಇಲ್ಲ. ಹೆಸರು ತಿಳಿಯದೆ ಡಾಕ್ಟರರಾದರೂ ಏನು ಮಾಡಿಯಾರು?

ಇನ್ನು ಖಾಲಿ ಡಬ್ಬ. ಎಷ್ಟು ಚೆಂದವಿದ್ದರೂ ಅದರಲ್ಲಿ ನೀರು ತರಬೇಡಿ. ಅದನ್ನು ಒಡೆದು ಮನೆಗಳಿಂದ ದೂರ ಹೂಳಬೇಕೆಂದು ನಿಯಮವೇ ಇದೆ.